ಮೊಮ್ಮಗಳ ಕ್ವಿಬೆಕ್ ಬೇರು ಹುಡುಕಿದ ಬಗೆ

ನನ್ನ ಅಳಿಯ ಕೆನಡಾದ ಕ್ವಿಬೆಕ್‌ನವನು. ಮೊಮ್ಮಗಳಿಗೆ ವಂಶವೃಕ್ಷ ಬರೆದುಕೊಡೋಣ ಅಂತ ಕೂತಾಗ ನನ್ನ ಕಡೆಯದು ಮುತ್ತಜ್ಜನಿಗೇ ನಿಂತುಹೋಯಿತು. ಅಳಿಯನ ಕಡೆಯದು 17ನೇ ಶತಮಾನ ಮುಟ್ಟಿತು. ಅಲ್ಲಿನ ಚರ್ಚುಗಳ ದಾಖಲೆ ಅಷ್ಟು ಅಚ್ಚುಕಟ್ಟು.

"ನಾವು ರಾಜನ ಹೆಣ್ಣುಮಕ್ಕಳ ಕಡೆಯವರು" ಅಂತ ನಮ್ಮ ಬೀಗಿತ್ತಿ ಹೇಳುತ್ತಲೇ ಇದ್ದರು. ಈ 'ರಾಜನ ಹೆಣ್ಣುಮಕ್ಕಳು' ರಾಜಕುಮಾರಿಯರೇನೂ ಅಲ್ಲ. ನ್ಯೂ ಫ್ರಾನ್ಸ್‌ನಲ್ಲಿ, ಅಂದರೆ ಕ್ವಿಬೆಕ್ ಸೇರಿದ್ದ ಅಂದಿನ ಫ್ರೆಂಚ್ ವಸಾಹತಿನಲ್ಲಿ, ಗಂಡಸರೇ ತುಂಬಿಕೊಂಡು ಮದುವೆಗೆ ಹೆಣ್ಣಿಲ್ಲದಂತಾದಾಗ, ಫ್ರಾನ್ಸ್‌ನ ದೊರೆ 14ನೇ ಲೂಯಿ 1663ರಿಂದ 1673ರವರೆಗೆ ತನ್ನ ಖರ್ಚಿನಲ್ಲಿ ಹಡಗು ಹತ್ತಿಸಿದ ಸುಮಾರು 770 ಹೆಂಗಸರು. ಬಹಳಷ್ಟು ಜನ ಅಪ್ಪನನ್ನು ಕಳೆದುಕೊಂಡಿದ್ದ ಬಡ ಹುಡುಗಿಯರು. ಪ್ಯಾರಿಸ್‌ನ ಸಾಲ್ಪೆಟ್ರಿಯೇರ್ ಆಶ್ರಯಾಲಯದಿಂದ ಬಂದವರೂ ಅನೇಕರು. ಅವರನ್ನು ವೇಶ್ಯೆಯರೆಂದು ಹಬ್ಬಿಸಿದವರಲ್ಲಿ ಲಾಹೊಂತಾನ್ ಎಂಬ ಬ್ಯಾರನ್ ಮುಖ್ಯ. ಆ ಹರಟೆಯನ್ನು ಈಗಲೂ ನಂಬುವವರಿದ್ದಾರೆ, ದಾಖಲೆ ನೋಡಿದವರು ನಂಬುವುದಿಲ್ಲ.

ಹುಡುಕಾಟದಲ್ಲಿ ನಾನು ಹಿಡಿದದ್ದು ಮದುವೆಯ ದಾಖಲೆಗಳನ್ನೇ. ಅಲ್ಲಿನ ಪಾದ್ರಿಗಳು ವಧೂವರರಿಬ್ಬರ ತಂದೆತಾಯಿಯ ಹೆಸರನ್ನೂ ಬರೆಯುತ್ತಿದ್ದರು, ತಾಯಂದಿರದ್ದು ತವರಿನ ಹೆಸರಿನಲ್ಲೇ. ಹಾಗಾಗಿ ಒಂದು ಮದುವೆ ಸಿಕ್ಕರೆ ಹಿಂದಿನ ತಲೆಮಾರಿನ ಎರಡು ಮದುವೆಗೆ ದಾರಿ ಸಿಕ್ಕಂತೆ. ನಮ್ಮಲ್ಲಿ ಗೋತ್ರ ಹಿಡಿದು ಗಂಡಸರ ಸಾಲನ್ನಷ್ಟೇ ಹೇಳುವ ರೂಢಿ. ಕ್ವಿಬೆಕ್‌ನಲ್ಲಿ ತಾಯಿಯ ತಾಯಿ, ಅವಳ ತಾಯಿ ಅಂತ ಹೋಗುವುದೂ ಅಷ್ಟೇ ಸಲೀಸು. ಹುಡುಕಲು ಮಾಂಟ್ರಿಯಲ್ ವಿಶ್ವವಿದ್ಯಾಲಯದವರ ಪಿಆರ್‌ಡಿಎಚ್ ದತ್ತಾಂಶವಿದೆ, ಮೂಲ ಪುಟದ ಚಿತ್ರಗಳಿಗೆ ದ್ರುವೆನ್ ಸಂಗ್ರಹ. 19ನೇ ಶತಮಾನದ ತಾಂಗೆ ಪಾದ್ರಿಯ ವಂಶಾವಳಿ ನಿಘಂಟು ದಾರಿ ತೋರಿಸುತ್ತದೆ, ಆದರೆ ಅದರಲ್ಲಿ ತಪ್ಪುಗಳಿವೆ. ಮೂಲ ನೋಡದೆ ಒಂದು ಹೆಸರನ್ನೂ ನಾನು ಮರಕ್ಕೆ ಸೇರಿಸಲಿಲ್ಲ.

ತಲೆ ಕೆಡಿಸುವುದು 'ದಿ' ಹೆಸರುಗಳು, ಅಂದರೆ ಮನೆತನದ ಹೆಸರಿನ ಮುಂದೆ ಫ್ರೆಂಚ್‌ನ 'ದಿ' (ಎಂದು ಕರೆಯುವ) ಸೇರಿಸಿ ಬರೆಯುವ ಅಡ್ಡಹೆಸರುಗಳು. 1665ರಲ್ಲಿ ಬಂದಿಳಿದ ಕಾರಿಞಾನ್-ಸಾಲಿಯೇರ್ ಎಂಬ ಫ್ರೆಂಚ್ ಸೇನಾದಳದ ಸೈನಿಕರಿಗೆ ಲಾಫ್ಲೂರ್, ಸಾನ್‌ಸೂಸಿ ಎಂಬಂಥ ಅಡ್ಡಹೆಸರುಗಳಿದ್ದವು. ಅಲ್ಲೇ ಉಳಿದು ಸಂಸಾರ ಹೂಡಿದವರ ಮಕ್ಕಳಲ್ಲಿ ಒಬ್ಬ ಮನೆತನದ ಹೆಸರು, ಇನ್ನೊಬ್ಬ ಅಡ್ಡಹೆಸರು ಇಟ್ಟುಕೊಂಡದ್ದುಂಟು. ಸೈನಿಕರಲ್ಲದವರಲ್ಲೂ ಇದು ಇತ್ತು: ಮಿವಿಲ್ ದಿ ದೆಶೇನ್ ವಂಶದವರು ಕೆಲವು ಕಡೆ ಮಿವಿಲ್, ಕೆಲವು ಕಡೆ ದೆಶೇನ್. ಈ ಮನೆಗೆ 1669ರಲ್ಲಿ ಮದುವೆಯಾಗಿ ಬಂದ ಕ್ಯಾಥರೀನ್ ದ ಬಾಯೋನ್ ಕುಲೀನ ಮನೆತನದವಳು; ಅವಳ ಮೂಲಕ ಷಾರ್ಲ್‌ಮಾನ್ ಚಕ್ರವರ್ತಿಯವರೆಗೂ ಗೆರೆ ಎಳೆಯಬಹುದು. ವಂಶ ಹುಡುಕುವವರೆಲ್ಲ ಅವಳತ್ತಲೇ ಓಡುತ್ತಾರೆ. ನನಗೆ ಚಕ್ರವರ್ತಿಗಿಂತ ಆ ಸಾಲ್ಪೆಟ್ರಿಯೇರ್ ಹುಡುಗಿಯರ ಮೇಲೆಯೇ ಕುತೂಹಲ.

ಅವರು ಕಣ್ಣಿಗೆ ಕಾಣುವುದು ನೋಟರಿಯ ಮದುವೆ ಕರಾರಿನಲ್ಲಿ. ನಾನು ಓದಿದ ಒಂದರಲ್ಲಿ ವಧು ತಂದ ಸಾಮಾನಿಗೆ ಬೆಲೆ ಕಟ್ಟಿದೆ, ಅದರ ಪಕ್ಕದಲ್ಲೇ ರಾಜನು ಕೊಟ್ಟ 50 ಲೀವ್ರ್ (ಆಗಿನ ಫ್ರೆಂಚ್ ಹಣ). ಕೊನೆಗೆ, ಇಬ್ಬರಿಗೂ ಸಹಿ ಮಾಡಲು ಬಾರದೆಂದು ಹೇಳಿದ್ದಾರೆ ಎಂಬ ಒಂದು ಸಾಲು. ಆ ಕೈಬರಹ ಓದಲು ಕಣ್ಣು ಪಳಗಬೇಕು. ಕರಾರು ಸಿಕ್ಕಿತೆಂದು ಮದುವೆಯೇ ಆಯಿತೆಂದುಕೊಳ್ಳಬೇಡಿ. ಕರಾರು ಮುರಿದು ಇನ್ನೊಬ್ಬನನ್ನು ಕಟ್ಟಿಕೊಂಡವರು ಎಷ್ಟೋ ಜನ. ಹೆಣ್ಣು ವಿರಳವಾದ ಊರಲ್ಲಿ ಆಯ್ಕೆ ಅವಳದೇ! ಚರ್ಚಿನ ದಾಖಲೆಯೊಂದಿಗೆ ತಾಳೆ ನೋಡಲೇಬೇಕು.

ಬೀಗಿತ್ತಿಯ ಮಾತಿನಲ್ಲಿ ಅರ್ಧ ನಿಜವಿತ್ತು. ಅವರು ಹೆಸರಿಸುತ್ತಿದ್ದ ಅಜ್ಜಿಯ ಮದುವೆ 1663ಕ್ಕಿಂತ ಮುಂಚೆಯೇ ಆಗಿತ್ತು. ಅಂಥವರು ರಾಜನ ಖರ್ಚಿನಲ್ಲಿ ಬಂದವರಲ್ಲ, ಅವರನ್ನು 'ಫಿಯ್ ಆ ಮಾರಿಯೇ' (ಮದುವೆಯಾಗಬೇಕಾದ ಹುಡುಗಿಯರು) ಎಂದು ಬೇರೆಯಾಗಿಯೇ ಎಣಿಸುತ್ತಾರೆ. ಆದರೆ ಇನ್ನೊಂದು ಕವಲಿನಲ್ಲಿ ರಾಜನ ಹುಡುಗಿಯೊಬ್ಬಳು ಸಿಕ್ಕಳು. ಪ್ಯಾರಿಸ್‌ನವಳು. ನಾರ್ಮಂಡಿಯವಳಾಗಿದ್ದರೆ ಅಲ್ಲಿನ ಜಿಲ್ಲಾ ದಾಖಲೆಗಳಲ್ಲಿ ಅವಳ ದೀಕ್ಷಾಸ್ನಾನ ಹುಡುಕಬಹುದಿತ್ತು. ಪ್ಯಾರಿಸ್‌ನ ಹಳೆಯ ಚರ್ಚು ದಾಖಲೆಗಳು 1871ರ ಮೇ ತಿಂಗಳ ಬೆಂಕಿಯಲ್ಲಿ ಸುಟ್ಟುಹೋದವು. ಹಾಗಾಗಿ ಅವಳ ತಂದೆತಾಯಿಯ ಹೆಸರು, ಅವಳ ಪ್ಯಾರಿಷ್ (ಚರ್ಚಿನ ವ್ಯಾಪ್ತಿಯ ಪ್ರದೇಶ) ಇವು ನನಗೆ ಸಿಕ್ಕಿದ್ದು ಕ್ವಿಬೆಕ್‌ನ ಕಾಗದದಲ್ಲಿ ಮಾತ್ರ.