ಆಟದ ವಿಡಿಯೊ ಎಡಿಟ್ ಮಾಡಲು ನಾನೇ ಜೋಡಿಸಿದ ಕಂಪ್ಯೂಟರ್

ಯಕ್ಷಗಾನದ ಆಟಗಳನ್ನು ಕ್ಯಾಮೆರಾದಲ್ಲಿ ಹಿಡಿದು, ಎಡಿಟ್ ಮಾಡಿ, ಮೇಳದವರಿಗೂ ಕಲಾವಿದರಿಗೂ ಕೊಡುವುದು ನನ್ನ ಕೆಲಸ. ಊರು ಶಿರಸಿ ಹತ್ತಿರ. ಹೊಸ ಕ್ಯಾಮೆರಾ ಬಂದ ಮೇಲೆ ಹಳೆಯ ಲ್ಯಾಪ್‌ಟಾಪ್ ತಡವರಿಸತೊಡಗಿತು. 2024ರ ಮಳೆಗಾಲದಲ್ಲಿ, ಆಟಗಳಿಲ್ಲದ ಬಿಡುವಿನಲ್ಲಿ, ಡೆಸ್ಕ್‌ಟಾಪ್ ಕಟ್ಟಲು ಕೂತೆ.

ಯಾರನ್ನು ಕೇಳಿದರೂ ಮೊದಲು ಬರುವ ಮಾತು ಪ್ರೊಸೆಸರ್ ಯಾವುದು, ಗ್ರಾಫಿಕ್ಸ್ ಕಾರ್ಡ್ ಯಾವುದು ಎಂಬುದು. ನಾನು ಅಲ್ಲಿಂದ ಶುರು ಮಾಡಲಿಲ್ಲ. ನನ್ನ ಫೈಲು ಎಂಥದ್ದು, ನನ್ನ ಮನೆಯ ಕರೆಂಟು ಎಂಥದ್ದು ಎಂದು ಮೊದಲು ನೋಡಿದೆ. ಉಳಿದ ಭಾಗಗಳೆಲ್ಲ ಈ ಎರಡರಿಂದಲೇ ತೀರ್ಮಾನವಾದವು.

ಫೈಲಿನ ಜಾತಕ ನೋಡಲು ಮೀಡಿಯಾಇನ್ಫೊ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಕ್ಯಾಮೆರಾದ ಫೈಲನ್ನು ಅದರಲ್ಲಿ ತೆರೆದರೆ ಎಲ್ಲ ವಿವರ ಸಿಗುತ್ತದೆ. ನನ್ನದು 4ಕೆ, ಎಚ್‌ಇವಿಸಿ (ವಿಡಿಯೊ ಕುಗ್ಗಿಸುವ ಒಂದು ವಿಧಾನ), 10 ಬಿಟ್, 4:2:2, ಸೆಕೆಂಡಿಗೆ 100 ಮೆಗಾಬಿಟ್. ಇದರಲ್ಲಿ ಬಹಳ ಮುಖ್ಯವಾದದ್ದು 4:2:2. ಸಾಮಾನ್ಯ ವಿಡಿಯೊದಲ್ಲಿ ಬಣ್ಣದ ಮಾಹಿತಿ 4:2:0 ಲೆಕ್ಕದಲ್ಲಿರುತ್ತದೆ. 4:2:2ರಲ್ಲಿ ಅದು ಅದರ ಎರಡರಷ್ಟಿರುತ್ತದೆ. ಮದುವೆ ವಿಡಿಯೊಗೆ ಇದು ಬೇಕೇ ಬೇಕು ಎಂದು ನಾನು ಹೇಳುವುದಿಲ್ಲ. ಆದರೆ ಬಣ್ಣದ ವೇಷದ ಮುಖವರ್ಣಿಕೆಯ ಸಣ್ಣ ಗೆರೆ, ಕೆಂಪು-ಹಳದಿ ಚೌಕುಳಿಯ ಸೀರೆ, ಕಿರೀಟದ ಮಿಂಚು ಇವೆಲ್ಲ ರಂಗದ ಬೆಳಕಿನಲ್ಲಿ ಒಂದಕ್ಕೊಂದು ಕಲಸಿಹೋಗಬಾರದು. ಗಂಟೆಗಟ್ಟಲೆ ಕೂತು ಬರೆದುಕೊಂಡ ಬಣ್ಣ ಅದು. ವಿಡಿಯೊದಲ್ಲಿ ಕದಡಿದರೆ ಕಲಾವಿದನಿಗೆ ನಾವು ಮಾಡುವ ಅನ್ಯಾಯ ಅಲ್ವಾ?

ತೊಡಕು ಇರುವುದೂ ಇಲ್ಲೇ. ಈ ಫೈಲನ್ನು ಓಡಿಸಲು ಚಿಪ್‌ನಲ್ಲೇ ಅದಕ್ಕೆಂದು ಒಂದು ಡಿಕೋಡರ್, ಅಂದರೆ ಕುಗ್ಗಿಸಿದ ವಿಡಿಯೊವನ್ನು ಬಿಚ್ಚುವ ಭಾಗ, ಇರಬೇಕು. ಇಲ್ಲದಿದ್ದರೆ ಇಡೀ ಭಾರ ಪ್ರೊಸೆಸರ್ ಕೋರ್‌ಗಳ ಮೇಲೆ ಬಿದ್ದು ಟೈಮ್‌ಲೈನ್ ತಡೆತಡೆದು ಓಡುತ್ತದೆ. ಎನ್‌ವಿಡಿಯಾದ ಆರ್‌ಟಿಎಕ್ಸ್ 30 ಮತ್ತು 40 ಸರಣಿಗಳಲ್ಲಿ ಎಚ್‌ಇವಿಸಿ 4:2:2 ಡಿಕೋಡ್ ಇಲ್ಲ. ಎಷ್ಟೇ ದುಬಾರಿ ಕಾರ್ಡ್ ಆದರೂ ಇಲ್ಲ. ಇಂಟೆಲ್ ಪ್ರೊಸೆಸರ್‌ಗಳ ಒಳಗಿರುವ ಗ್ರಾಫಿಕ್ಸ್‌ನಲ್ಲಿ, ಅಂದರೆ ಕ್ವಿಕ್ ಸಿಂಕ್‌ನಲ್ಲಿ, 11ನೇ ತಲೆಮಾರಿನಿಂದ ಅದು ಇದೆ. ಹಾಗಾಗಿ ನನಗೆ ಇಂಟೆಲ್ಲೇ ಆಗಬೇಕಿತ್ತು. ಕಂಪ್ಯೂಟರ್ ಗೇಮ್ ಆಡುವ ಹುಡುಗರಿಗೆ ಎಎಂಡಿ ಕಂಪನಿಯ ರೈಜನ್ ಪ್ರೊಸೆಸರ್ ಒಳ್ಳೆಯದಿರಬಹುದು, ನನ್ನ ಫೈಲಿಗೆ ಅದು ಹೊಂದುತ್ತಿರಲಿಲ್ಲ.

ಆರಿಸಿದ್ದು ಕೋರ್ ಐ5-14500. ಐ5-14400 ಇದಕ್ಕಿಂತ ಸ್ವಲ್ಪ ಅಗ್ಗ. ಆದರೆ ಅದರಲ್ಲಿರುವುದು ಯುಎಚ್‌ಡಿ 730, ವಿಡಿಯೊ ಎಂಜಿನ್ ಒಂದೇ. 14500ರಲ್ಲಿ ಯುಎಚ್‌ಡಿ 770, ಎಂಜಿನ್ ಎರಡು. ಎರಡು ಕ್ಯಾಮೆರಾಗಳ ದೃಶ್ಯವನ್ನು ಒಟ್ಟಿಗೆ ಓಡಿಸುವ ನನಗೆ ಇದು ಬೇಕಿತ್ತು. ಇನ್ನೊಂದು ಎಚ್ಚರ: ಹೆಸರಿನ ಕೊನೆಯಲ್ಲಿ ‘ಎಫ್’ ಇದ್ದರೆ ಒಳಗಿನ ಗ್ರಾಫಿಕ್ಸ್ ಇರುವುದಿಲ್ಲ. ಅಂಗಡಿಯಲ್ಲಿ ‘ಎಫ್ ತಗೊಳ್ಳಿ ಸರ್, ಹೇಗೂ ಕಾರ್ಡ್ ಹಾಕ್ತೀರಲ್ಲ’ ಎನ್ನುತ್ತಾರೆ. ಬೇರೆಯವರಿಗೆ ಅದು ಸರಿಯಾದ ಸಲಹೆಯೇ. ನಮ್ಮಂಥವರಿಗೆ ಅಲ್ಲ.

ಗ್ರಾಫಿಕ್ಸ್ ಕಾರ್ಡ್ ಬೇಕಾದದ್ದು ನಾಯ್ಸ್ ತೆಗೆಯಲು. ರಾತ್ರಿಯ ಬಯಲಾಟದಲ್ಲಿ ಕತ್ತಲೆಯ ಭಾಗಗಳಲ್ಲಿ ಕಾಳುಕಾಳು ಕಾಣುತ್ತದೆ. ನಾನು ಎಡಿಟ್ ಮಾಡುವ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್ ಸ್ಟುಡಿಯೊ ಅದನ್ನು ಚೆನ್ನಾಗಿ ತೆಗೆಯುತ್ತದೆ, ಆದರೆ ಕಾರ್ಡಿನ ಮೆಮೊರಿ ಜಾಸ್ತಿ ತಿನ್ನುತ್ತದೆ. ಆರ್‌ಟಿಎಕ್ಸ್ 4060 ಆಗ ಹೊಸತು, ಮೆಮೊರಿ 8 ಜಿಬಿ. ಆರ್‌ಟಿಎಕ್ಸ್ 3060 ಹಳತು, 2021ರದ್ದು, ಆದರೆ 12 ಜಿಬಿ. ಮೆಮೊರಿಯ ದಾರಿಯೂ ಅದರಲ್ಲಿ ಅಗಲ: 192 ಬಿಟ್, ಹೊಸದರಲ್ಲಿ 128. ನಾನು 3060 ತೆಗೆದುಕೊಂಡೆ. ಅದನ್ನು ಕೊಳ್ಳುವಾಗಲೂ ಪೆಟ್ಟಿಗೆಯ ಮೇಲೆ 12 ಜಿಬಿ ಎಂದಿದೆಯೇ ನೋಡಬೇಕು. ಇದೇ ಹೆಸರಿನಲ್ಲಿ 8 ಜಿಬಿಯದ್ದೂ ಇದೆ.

ಡಿಸ್ಕ್ ಲೆಕ್ಕ ಕಾಗದದ ಮೇಲೆಯೇ ಮಾಡಬಹುದು. ಸೆಕೆಂಡಿಗೆ 100 ಮೆಗಾಬಿಟ್ ಎಂದರೆ ಗಂಟೆಗೆ 45 ಜಿಬಿ. ರಾತ್ರಿ 10ಕ್ಕೆ ಶುರುವಾಗಿ ಬೆಳಗಿನ 6ಕ್ಕೆ ಮಂಗಳವಾದರೆ ಒಂದು ಕ್ಯಾಮೆರಾಗೆ 360 ಜಿಬಿ, ಎರಡಕ್ಕೆ 720. ವಿಂಡೋಸ್‌ಗೆ 1 ಟಿಬಿಯ ಎನ್‌ವಿಎಂಇ (ವೇಗದ ಎಸ್‌ಎಸ್‌ಡಿ), ನಡೆಯುತ್ತಿರುವ ಕೆಲಸಕ್ಕೆ 2 ಟಿಬಿಯದ್ದು, ಮುಗಿದದ್ದಕ್ಕೆ 8 ಟಿಬಿ ಹಾರ್ಡ್ ಡಿಸ್ಕ್. ರ‍್ಯಾಮ್ 32 ಜಿಬಿ, 16ರ ಎರಡು ಕಡ್ಡಿ. ಡಿಡಿಆರ್5ರಲ್ಲಿ ನಾಲ್ಕು ಕಡ್ಡಿ ಹಾಕಿದರೆ ವೇಗ ಇಳಿಸಬೇಕಾಗುತ್ತದೆ, ಎರಡೇ ಲೇಸು. ಮದರ್‌ಬೋರ್ಡ್ ಬಿ760, ಎನ್‌ವಿಎಂಇ ಕೂರುವ ಎಂ.2 ಸ್ಲಾಟ್ ಎರಡಾದರೂ ಇರುವಂಥದ್ದು. ಕ್ಯಾಬಿನೆಟ್ ಮುಂದೆ ಜಾಲರಿ, ಧೂಳಿನ ಫಿಲ್ಟರ್ ಕಳಚಿ ತೊಳೆಯುವಂತಿರಲಿ. ಗಾಜು, ಬಣ್ಣದ ದೀಪಗಳಿಗೆ ನಾನು ಸುಮ್ನೆ ಹಣ ಹಾಕಲಿಲ್ಲ.

ಈಗ ಕರೆಂಟಿನ ಮಾತು. ನಮ್ಮ ಕಡೆ ಅಡಿಕೆ ತೋಟದ ಪಂಪ್‌ಗಳೆಲ್ಲ ಓಡುವ ಹೊತ್ತಿಗೆ ವೋಲ್ಟೇಜ್ ಕುಸಿಯುತ್ತದೆ. ಏಪ್ರಿಲ್-ಮೇನಲ್ಲಿ ಸಿಡಿಲು. ಹಾಗಾಗಿ ಪವರ್ ಸಪ್ಲೈ ವಿಷಯದಲ್ಲಿ ನಾನು ರಾಜಿ ಮಾಡಿಕೊಳ್ಳಲಿಲ್ಲ. ಪ್ರೊಸೆಸರ್ ಹೆಚ್ಚೆಂದರೆ 154 ವ್ಯಾಟ್, ಕಾರ್ಡ್ 170, ಉಳಿದದ್ದೆಲ್ಲ ಸೇರಿ 60 ಎಂದಿಟ್ಟುಕೊಂಡರೆ 400ರ ಒಳಗೆ. 650 ವ್ಯಾಟ್‌ನ ಗೋಲ್ಡ್ ದರ್ಜೆಯದ್ದು ಧಾರಾಳ. ವ್ಯಾಟ್‌ಗಿಂತ ಮುಖ್ಯವಾಗಿ ಅದರ ಮೇಲಿನ ಚೀಟಿಯಲ್ಲಿ ಇನ್‌ಪುಟ್ ಎಷ್ಟೆಂದು ಓದಿದೆ. ಅಗ್ಗದ ಕೆಲವದರಲ್ಲಿ 200–240 ವೋಲ್ಟ್ ಎಂದಿರುತ್ತದೆ. ನಮಗೆ 100–240 ಇರುವುದೇ ಬೇಕು.

ಯುಪಿಎಸ್‌ನಲ್ಲೂ ಒಂದು ಸೂಕ್ಷ್ಮ ಇದೆ. 600 ವಿಎ ಎಂದು ಮಾರುವುದರಲ್ಲಿ ಸಾಮಾನ್ಯವಾಗಿ ಸಿಗುವುದು 360 ವ್ಯಾಟ್ ಮಾತ್ರ. ನಾನು ತಂದದ್ದು 1100 ವಿಎ, 660 ವ್ಯಾಟ್. ಈ ಬೆಲೆಯ ಯುಪಿಎಸ್‌ಗಳು ಬ್ಯಾಟರಿಗೆ ಹೋದಾಗ ನಿಜವಾದ ಸೈನ್ ವೇವ್ ಕೊಡುವುದಿಲ್ಲ, ಅದರಂತೆ ತೋರುವ ಚೌಕದ ಅಲೆ ಕೊಡುತ್ತವೆ. ಆಕ್ಟಿವ್ ಪಿಎಫ್‌ಸಿ (ಎಳೆಯುವ ಕರೆಂಟನ್ನು ಹದಕ್ಕೆ ತರುವ ಸರ್ಕ್ಯೂಟ್) ಇರುವ ಕೆಲವು ಪವರ್ ಸಪ್ಲೈಗಳು ಅದನ್ನು ಒಪ್ಪದೆ ಅಲ್ಲೇ ಆಫ್ ಆಗುತ್ತವೆ. ಆದ್ದರಿಂದ ದೊಡ್ಡದೊಂದು ಎಕ್ಸ್‌ಪೋರ್ಟ್ ಹಾಕಿ, ಅದು ಓಡುತ್ತಿರುವಾಗಲೇ ಯುಪಿಎಸ್‌ನ ಗೋಡೆಯ ಸ್ವಿಚ್ ಆಫ್ ಮಾಡಿ ನೋಡಿದೆ. ಕಂಪ್ಯೂಟರ್ ಓಡುತ್ತಲೇ ಇತ್ತು. ಈ ಪರೀಕ್ಷೆಯನ್ನು ನಿಜವಾದ ಕೆಲಸ ಶುರುವಾಗುವ ಮೊದಲೇ ಮಾಡಿಕೊಳ್ಳಬೇಕು.

ಅರ್ಥಿಂಗ್ ಸರಿ ಇಲ್ಲದಿದ್ದರೆ ಇವೆಲ್ಲ ವ್ಯರ್ಥ. ಎಲೆಕ್ಟ್ರಿಷಿಯನ್ ಕರೆಸಿ ಮೀಟರ್‌ನಲ್ಲಿ ನ್ಯೂಟ್ರಲ್-ಅರ್ಥ್ ನಡುವಿನ ವೋಲ್ಟೇಜ್ ನೋಡಿಸಿದೆ. ಬೇಸಿಗೆಯಲ್ಲಿ ಮಣ್ಣು ಒಣಗಿದಾಗ ಅರ್ಥ್ ಗುಂಡಿಗೆ ನೀರು ಹಾಕುವ ರೂಢಿ ಇಟ್ಟುಕೊಂಡಿದ್ದೇನೆ. ಗುಡುಗು ಕೇಳಿದರೆ ಪ್ಲಗ್ ಕೀಳುತ್ತೇನೆ, ಜೊತೆಗೆ ಲ್ಯಾನ್ ಕೇಬಲನ್ನೂ. ಫೈಬರ್ ಗಾಜಿನದ್ದು ಎಂದು ಜನ ಧೈರ್ಯವಾಗಿರುತ್ತಾರೆ. ಫೈಬರ್ ನಿಲ್ಲುವುದು ರೌಟರ್‌ನಲ್ಲಿ, ಅಲ್ಲಿಂದ ಬರುವ ಲ್ಯಾನ್ ಕೇಬಲ್ ತಾಮ್ರದ್ದೇ.

ಖರೀದಿಗೆ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ಎಸ್.ಪಿ. ರೋಡ್ ಸುತ್ತಿದೆ. ಪಟ್ಟಿಯಲ್ಲಿ ‘650 ವ್ಯಾಟ್ ಎಸ್‌ಎಂಪಿಎಸ್’ (ಪವರ್ ಸಪ್ಲೈಗೆ ಅಂಗಡಿಯ ಹೆಸರು) ಎಂದಷ್ಟೇ ಬರೆದು ಕೊಟ್ಟರೆ ಯಾವುದೋ ಒಂದು ಸೇರಿಕೊಳ್ಳುತ್ತದೆ. ಪ್ರತಿ ಭಾಗದ ಪೂರ್ತಿ ಮಾಡೆಲ್ ನಂಬರ್ ಬರೆದುಕೊಂಡು ಹೋಗಬೇಕು. ಜಿಎಸ್‌ಟಿ ಬಿಲ್‌ನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಬೇಕು, ನಾಳೆ ವಾರಂಟಿಗೆ ಓಡುವಾಗ ಕೈಹಿಡಿಯುವುದು ಅದೇ. ರಿಪೇರಿಗೆ ಹುಬ್ಬಳ್ಳಿಯಲ್ಲಿ ಕೊಟ್ಟರೆ ಆಗುತ್ತದೆಯೇ, ಬೆಂಗಳೂರಿಗೇ ಬರಬೇಕೇ ಎಂದೂ ಕೇಳಿದೆ. ಒಂದೆರಡು ಬ್ರಾಂಡ್‌ಗಳನ್ನು ಈ ಕಾರಣಕ್ಕೇ ಬಿಟ್ಟೆ.

ಜೋಡಿಸುವುದು ಜನ ಹೆದರುವಷ್ಟು ಕಷ್ಟದ್ದಲ್ಲ. ಎರಡು ಮಾತು ಮಾತ್ರ ಹೇಳುತ್ತೇನೆ. ಮಾಡ್ಯುಲರ್ ಪವರ್ ಸಪ್ಲೈನ ಕೇಬಲ್‌ಗಳನ್ನು ಒಂದು ಬ್ರಾಂಡಿನದನ್ನು ಇನ್ನೊಂದಕ್ಕೆ ಹಾಕಬೇಡಿ. ಪ್ಲಗ್ ಕೂತರೂ ಒಳಗಿನ ತಂತಿಗಳ ಕ್ರಮ ಬೇರೆ ಇರುತ್ತದೆ, ಡಿಸ್ಕ್ ಸುಟ್ಟೇ ಹೋಗಬಹುದು. ಇನ್ನೊಂದು, ಬಯಾಸ್, ಅಂದರೆ ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್. ಆ ವರ್ಷ ಇಂಟೆಲ್‌ನ 13, 14ನೇ ತಲೆಮಾರಿನ ಮೇಲ್ದರ್ಜೆಯ ಪ್ರೊಸೆಸರ್‌ಗಳು ಹೆಚ್ಚಿನ ವೋಲ್ಟೇಜ್‌ನಿಂದ ಅಸ್ಥಿರವಾಗುತ್ತಿದ್ದವು. ಕಂಪನಿ ಅದನ್ನು ಒಪ್ಪಿಕೊಂಡು ಬಯಾಸ್ ಮೂಲಕ ಬರುವ ಮೈಕ್ರೊಕೋಡ್ ಎಂಬ ತಿದ್ದುಪಡಿ ಬಿಡುಗಡೆ ಮಾಡಿತ್ತು. ಹಾಗಾಗಿ ಮೊದಲು ಬಯಾಸ್ ಅಪ್‌ಡೇಟ್ ಮಾಡಿದೆ. ಆಮೇಲೆ ರ‍್ಯಾಮ್ ಪೂರ್ತಿ ವೇಗದಲ್ಲಿ ಓಡಲು ಎಕ್ಸ್‌ಎಂಪಿ ಆನ್ ಮಾಡಿದೆ. ಕಾರ್ಡ್ ಹಾಕಿದಾಗ ಒಳಗಿನ ಗ್ರಾಫಿಕ್ಸ್ ಮಲಗಿಬಿಡಬಹುದು. ಅದಕ್ಕೆ ಬಯಾಸ್‌ನಲ್ಲಿ ಐಜಿಪಿಯು ಮಲ್ಟಿ ಮಾನಿಟರ್ ಆಯ್ಕೆಯನ್ನು ಆನ್ ಮಾಡಿ, ರಿಸಾಲ್ವ್‌ನಲ್ಲಿ ಕ್ವಿಕ್ ಸಿಂಕ್ ಆರಿಸಿದೆ. ಟೈಮ್‌ಲೈನ್ ಓಡಿಸಿ ಟಾಸ್ಕ್ ಮ್ಯಾನೇಜರ್ ತೆರೆದರೆ ಇಂಟೆಲ್‌ನ ವಿಡಿಯೊ ಡಿಕೋಡ್ ಗ್ರಾಫ್ ಮೇಲೇರಿತ್ತು. ಎರಡು ಕ್ಯಾಮೆರಾದ ದೃಶ್ಯವೂ ಪ್ರಾಕ್ಸಿ (ಎಡಿಟ್‌ಗೆಂದು ಮಾಡಿಕೊಳ್ಳುವ ಹಗುರ ನಕಲು) ಇಲ್ಲದೆ ಸರಾಗವಾಗಿ ಓಡಿತು. ತುಂಬಾ ಖುಷಿಯಾಯಿತು.

ಈಗ ಕಟ್ಟುವವರು ನನ್ನ ಪಟ್ಟಿಯನ್ನು ಹಾಗೇ ಇಳಿಸಿಕೊಳ್ಳಬೇಡಿ. 2025ರಲ್ಲಿ ಬಂದ ಆರ್‌ಟಿಎಕ್ಸ್ 50 ಸರಣಿಯಲ್ಲಿ 4:2:2 ಡಿಕೋಡ್ ಸೇರಿದೆ, ಹಾಗಾಗಿ ಆ ಕಾರ್ಡ್ ಜೊತೆ ರೈಜನ್ ಕೂಡ ನಡೆಯುತ್ತದೆ. ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ 2025ರ ಕೊನೆಗೆ ರ‍್ಯಾಮ್ ಬೆಲೆ ವಿಪರೀತ ಏರಿತು, ಆದ್ದರಿಂದ ರ‍್ಯಾಮ್ ದರ ಮೊದಲು ವಿಚಾರಿಸಿಕೊಂಡು ಉಳಿದದ್ದಕ್ಕೆ ಹಣ ಹಂಚಿ. ನನ್ನ ಮುಂದಿನ ಖರ್ಚು ಇನ್ನೊಂದು 8 ಟಿಬಿ ಡಿಸ್ಕ್. ಒಂದೇ ಪ್ರತಿ ಇಟ್ಟುಕೊಂಡು ಕೂರಲು ಧೈರ್ಯವಿಲ್ಲ. ಎರಡನೆಯದು ಅಣ್ಣನ ಮನೆಯಲ್ಲಿರುತ್ತದೆ.