ತಾಮ್ರ ತೋರದ ಗಾಸನ್ನಿನ ಕೆಳಗೆ ತಾಮ್ರ: ನನ್ನ ಅನುಭವ

ಚಿತ್ರದುರ್ಗದ ಬಳಿ ಇಂಗಳದಾಳಿನ ಹಳೆಯ ತಾಮ್ರದ ಗಣಿಯ ಆಸುಪಾಸಿನಲ್ಲಿ ಅಲೆದವರಿಗೆಲ್ಲ ಗೊತ್ತಿರುವಂತೆ, ಅಲ್ಲಿ ಗಾಸನ್ನಿಗೆ, ಅಂದರೆ ಸಲ್ಫೈಡ್ ಅದಿರು ಶಿಥಿಲವಾಗಿ ನೆಲದ ಮೇಲೆ ಉಳಿಯುವ ಕಬ್ಬಿಣದ ಹೊದಿಕೆಗೆ, ಬರವಿಲ್ಲ. ಚರ್ಟ್ ಎಂಬ ಗಟ್ಟಿ ಸಿಲಿಕಾ ಶಿಲೆಯೊಳಗಿನ ಬರಿಯ ಪೈರೈಟ್ (ತಾಮ್ರವಿಲ್ಲದ ಕಬ್ಬಿಣದ ಸಲ್ಫೈಡ್) ಶಿಥಿಲವಾದರೂ ಅದೇ ಕಂದುಗೆಂಪು ಹೊದಿಕೆ ಏಳುತ್ತದೆ. ಮೊದಲ ವರ್ಷ ನಾನು ಎಲ್ಲರಂತೆ ತಾಮ್ರದ ಅಂಕಿಯನ್ನೇ ನಂಬಿದೆ. ಸುಮಾರು 140 ಮಾದರಿಗಳ ಪರೀಕ್ಷೆಗೆ, ತಲಾ 1,400 ರೂಪಾಯಿಯಂತೆ, ಹತ್ತಿರಹತ್ತಿರ 2 ಲಕ್ಷ ಹೋಯಿತು. ತಾಮ್ರ ಹೆಚ್ಚು ಬಂದ ಮೂರು ಕಡೆ ಕಂದಕ ತೆಗೆಸಿದರೆ ಮೂರೂ ಸುಳ್ಳು ಗಾಸನ್‌ಗಳು: ಮೇಲಿನ ಇಳಿಜಾರಿನಿಂದ ನೀರಿನಲ್ಲಿ ಇಳಿದು ಬಂದ ತಾಮ್ರವನ್ನು ಕಬ್ಬಿಣದ ಹೆಪ್ಪು ಹಿಡಿದಿಟ್ಟುಕೊಂಡಿತ್ತು, ಅಷ್ಟೇ.

ಪೈರೈಟ್ ಹೇರಳವಾಗಿದ್ದಲ್ಲಿ ಹುಟ್ಟುವ ಆಮ್ಲವು ತಾಮ್ರವನ್ನು ಬಹುಪಾಲು ತೊಳೆದೊಯ್ಯುತ್ತದೆಂದ ಮೇಲೆ, ಅದಿರಿನ ಜೊತೆಗಿದ್ದು ಕಬ್ಬಿಣದ ಹೆಪ್ಪಿನಲ್ಲೇ ಉಳಿದುಕೊಂಡವರನ್ನು ವಿಚಾರಿಸುವುದೇ ಸರಿಯೆಂದು ನಾನು ಆರ್ಸೆನಿಕ್, ಆಂಟಿಮನಿ, ಬಿಸ್ಮತ್‌ಗಳ ಕಡೆಗೆ ತಿರುಗಿದೆ. ತಾಮ್ರ ಹುಡುಕಲು ಹೊರಟವನು ತಾಮ್ರದ ಅಂಕಿ ನೋಡುವುದಿಲ್ಲವಂತೆ ಎಂದು ಹಿರಿಯ ಸಹೋದ್ಯೋಗಿಯೊಬ್ಬರು ನಕ್ಕರು. ಮೇಲ್ಪದರವನ್ನು ಬಿಟ್ಟು, ಕಲ್ಲನ್ನು ಒಡೆದು, ಒಳಗೆ ಸಲ್ಫೈಡ್ ಖನಿಜ ಕರಗಿಹೋದ ಮೇಲೆ ಉಳಿದ ಜೇನುಗೂಡಿನಂಥ ಬಾಕ್ಸ್‌ವರ್ಕ್ ಮಾತ್ರ ತೆಗೆದುಕೊಂಡೆ. ಘನಾಕಾರದ ಪೈರೈಟ್ ಗುಳಿಗಳಷ್ಟೇ ಇದ್ದವನ್ನು ಅಲ್ಲಿಯೇ ಬಿಸಾಡಿದೆ. ಬಾಡಿಗೆಗೆ ತಂದ, ಎಕ್ಸ್-ಕಿರಣದಿಂದ ಧಾತುಗಳನ್ನು ಅಳೆಯುವ ಎಕ್ಸ್‌ಆರ್‌ಎಫ್ ಗನ್ನಿನಲ್ಲಿ ಸೀಸದ ಗೆರೆ ಆರ್ಸೆನಿಕ್‌ನ ಗೆರೆಯ ಮೇಲೆಯೇ ಬೀಳುವುದರಿಂದ, ಸೀಸವಿದ್ದ ಇಪ್ಪತ್ತು ಮಾದರಿಗಳನ್ನು ಪ್ರಯೋಗಾಲಯಕ್ಕೆ ಮತ್ತೆ ಕಳುಹಿಸಿದೆ. ಆರೇಳು ಅಂಕಿಗಳು ಅರ್ಧಕ್ಕಿಳಿದವು. ಪುಡಿಯನ್ನು ಯಾವ ಜರಡಿಗೆ ಹಾಕಿದೆ, ಯಾವ ಎರಡು ಧಾತುಗಳ ಅನುಪಾತವನ್ನು ನೆಚ್ಚಿಕೊಂಡೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ನಡುವೆ ಒಂದು ಹುಚ್ಚಾಟವೂ ನಡೆಯಿತು. ಗಾಸನ್ನಿನ ಕಂದು ಕಬ್ಬಿಣದ ಖನಿಜವಾದ ಗೊಯಥೈಟ್ ಪುಡಿಯನ್ನು ಮನೆಯ ಹಳೆಯ ಕಾವಲಿಯ ಮೇಲೆ ಹುರಿದು, ಅದು ಕೆಂಪಾಗುವ ವೇಗದಿಂದ ಮಾದರಿಗಳನ್ನು ಬೇರ್ಪಡಿಸಬಹುದೇ ಎಂದು ನಾಲ್ಕು ಸಂಜೆ ನೋಡಿದೆ. ಎಲ್ಲವೂ ಕೆಂಪಾದವು, ಕಾವಲಿ ಮತ್ತೆ ಅಡುಗೆಮನೆಗೆ ಹೋಗಲಿಲ್ಲ.

ಕೊನೆಗೆ ಆರಿಸಿದ ಜಾಗದ ಗಾಸನ್ನಿನಲ್ಲಿ ತಾಮ್ರ 150 ಪಿಪಿಎಂ (ಹತ್ತು ಲಕ್ಷದಲ್ಲಿ 150 ಭಾಗ) ಕೂಡ ದಾಟಿರಲಿಲ್ಲ. ಕಂದಕದ ಮೂರು ಮೀಟರ್ ಆಳದಲ್ಲಿ ತಾಮ್ರದ ಖನಿಜವಾದ ಮ್ಯಾಲಕೈಟ್ ಹಸಿರು ಕಂಡಾಗ ನಕ್ಕವರೇ ಮೊದಲು ಕೆಳಗಿಳಿದರು. ಎಪ್ಪತ್ತು ಮೀಟರಿನ ಕೊರೆತಕ್ಕೆ ನಾಲ್ಕು ಲಕ್ಷದಷ್ಟು ಖರ್ಚಾಯಿತು. ನಲವತ್ತರ ಆಸುಪಾಸಿನಲ್ಲಿ ಒಂದೂವರೆ ಮೀಟರ್ ಚಾಲ್ಕೊಪೈರೈಟ್ (ತಾಮ್ರದ ಮುಖ್ಯ ಅದಿರು) ಬೆರೆತ ಶಿಲೆ ಸಿಕ್ಕಿತು, ತಾಮ್ರ ಶೇಕಡಾ ಒಂದಕ್ಕಿಂತ ತುಸು ಹೆಚ್ಚು. ಐವತ್ತು ಮೀಟರ್ ದೂರದ ಎರಡನೆಯ ಕೊಳವೆಯಲ್ಲಿ, ಮೇಲಿನ ಗಾಸನ್ನಿನಲ್ಲಿ ಅಷ್ಟೇ ಆರ್ಸೆನಿಕ್ ಇದ್ದರೂ, ಬಂದದ್ದು ಬರಿಯ ಪೈರೈಟ್. ಅಲ್ಲಿನ ಬಾಕ್ಸ್‌ವರ್ಕ್ ತುಂಡುಗಳನ್ನು ಈಗ ಮತ್ತೆ ಒಡೆದು ನೋಡುತ್ತಿದ್ದೇನೆ.