ಕಚೇರಿಯೊಳಗೆ ಕಲಿಕೆಯ ಬಳಗ ಕಟ್ಟುವುದು ಹೇಗೆ?

ಒಂದೇ ಬಗೆಯ ಕೆಲಸ ಮಾಡುವವರು ಆಗಾಗ ಸೇರಿ, ಆ ಕೆಲಸದ ತೊಡಕುಗಳನ್ನು ಹೇಳಿಕೊಳ್ಳುತ್ತ ಒಬ್ಬರಿಂದೊಬ್ಬರು ಕಲಿಯುವ ಬಳಗವನ್ನು ಮಾನವಶಾಸ್ತ್ರಜ್ಞೆ ಜೀನ್ ಲೇವ್ ಮತ್ತು ಕಲಿಕೆಯ ಸಂಶೋಧಕ ಎಟಿಯೆನ್ ವೆಂಗರ್ 1991ರಲ್ಲಿ ‘ಕಮ್ಯುನಿಟಿ ಆಫ್ ಪ್ರಾಕ್ಟೀಸ್’ ಎಂದು ಕರೆದರು. ಮಂಗಳೂರು, ಉಡುಪಿಯ ಸಹಕಾರಿ ಸಂಘಗಳಲ್ಲಿ ಇಂಥ ಬಳಗಗಳು ಹುರುಪಿನಿಂದ ಆರಂಭವಾಗಿ, ಮೂರನೆಯ ಸಭೆಯ ಹೊತ್ತಿಗೆ ಮಾಮೂಲಿ ಪರಿಶೀಲನಾ ಸಭೆಗಳಾದುದನ್ನು ಕಂಡ ಮೇಲೆ ಇದನ್ನು ಬರೆಯಬೇಕೆನಿಸಿತು.

ಮೊದಲು ವಿಷಯವನ್ನು ಕಿರಿದು ಮಾಡಿಕೊಳ್ಳಿ. ‘ಗ್ರಾಹಕ ಸೇವೆ’ ಎಂದರೆ ಎಲ್ಲರೂ ಒಪ್ಪುವ ನಾಲ್ಕು ಮಾತಿನಲ್ಲಿ ಮುಗಿಯುತ್ತದೆ. ‘ಸುಸ್ತಿದಾರರ ಮನೆಗೆ ಹೋದಾಗ ಮಾತು ಆರಂಭಿಸುವುದು ಹೇಗೆ’ ಎಂದರೆ ಪ್ರತಿ ಶಾಖೆಯವರಿಗೂ ಹೇಳಲು ಏನಾದರೂ ಇರುತ್ತದೆ. ಎಂಟು ಮಂದಿ, ಹದಿನೈದು ದಿನಕ್ಕೊಮ್ಮೆ, ಒಂದು ಗಂಟೆ ಸಾಕು.

ಬಳಗ ಕೆಡುವುದು ಸಭೆ ನಡೆಸುವ ಕ್ರಮದಲ್ಲಿ. ಝೆರಾಕ್ಸ್ ಕಂಪನಿಯ ಯಂತ್ರ ದುರಸ್ತಿಗಾರರೊಡನೆ ಓಡಾಡಿ ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞ ಜೂಲಿಯನ್ ಓರ್, ಕೈಪಿಡಿಯಲ್ಲಿಲ್ಲದ ಪರಿಹಾರಗಳನ್ನು ಅವರು ಊಟತಿಂಡಿಯ ವೇಳೆ ಹೇಳಿಕೊಳ್ಳುವ ಅನುಭವಗಳಿಂದ ಕಲಿಯುತ್ತಿದ್ದರೆಂದು ತೋರಿಸಿದರು. ಆದ್ದರಿಂದ ಪ್ರತಿ ಸಭೆಯಲ್ಲಿ ಒಬ್ಬರು ತಮ್ಮದೇ ಪ್ರಸಂಗವನ್ನು, ಅದೂ ತಾವು ದಾರಿ ಕಾಣದೆ ನಿಂತ ಪ್ರಸಂಗವನ್ನು, ಹತ್ತು ನಿಮಿಷ ಹೇಳಬೇಕು: ಬಾಗಿಲು ತೆರೆದವರು ಯಾರು, ತಾವು ಆಡಿದ ಮೊದಲ ಮಾತು ಯಾವುದು, ಮಾತು ಎಲ್ಲಿ ಕಡಿಯಿತು. ಸಾಲಗಾರರ ಹೆಸರು ಮಾತ್ರ ಬರಕೂಡದು. ಮುಂದಿನ ಇಪ್ಪತ್ತು ನಿಮಿಷ ಉಳಿದವರು ಪ್ರಶ್ನೆಗಳನ್ನಷ್ಟೇ ಕೇಳಬೇಕು. ‘ನೀವು ಹೀಗೆ ಮಾಡಬೇಕಿತ್ತು’ ಎಂಬ ಮಾತು ಆಗಲೇ ಬಂದರೆ ಹೇಳುತ್ತಿದ್ದವರು ಸಮರ್ಥನೆಗೆ ಇಳಿಯುತ್ತಾರೆ, ಮುಂದಿನ ಸಲ ಯಾರೂ ತಮ್ಮ ತಪ್ಪನ್ನು ಹೇಳುವುದಿಲ್ಲ. ಸಲಹೆಗಳು ಆಮೇಲೆ, ಕಿರಿಯರಿಂದ ಆರಂಭವಾಗಿ ಕೊನೆಗೆ ಹಿರಿಯರಿಂದ ಬರಲಿ. ನೌಕರರ ವಾರ್ಷಿಕ ವರದಿ ಬರೆಯುವ ವ್ಯವಸ್ಥಾಪಕರು ಆ ಕೋಣೆಯಲ್ಲಿ ಇರಲೇಬಾರದು. ಕೆಲಸದ ಅವಧಿಯಲ್ಲೇ ಒಂದು ಗಂಟೆ ಬಿಟ್ಟುಕೊಡುವುದು ಅವರು ಮಾಡಬಹುದಾದ ದೊಡ್ಡ ಸಹಾಯ.

ಸಭೆಯ ಬದಲು ವಾಟ್ಸ್‌ಆ್ಯಪ್ ಗುಂಪು ಸಾಕೆನ್ನುವವರಿದ್ದಾರೆ. ಸಾಲದು, ಎರಡೇ ವಾರದಲ್ಲಿ ಅದು ಸುತ್ತೋಲೆಗಳಿಂದ ತುಂಬುತ್ತದೆ. ದುಬಾರಿ ತಂತ್ರಾಂಶವನ್ನೂ ಆರಂಭದಲ್ಲಿ ಕೊಳ್ಳಬೇಡಿ, ಸಭೆಯ ಟಿಪ್ಪಣಿಗೆ ನೂರು ಪುಟದ ನೋಟ್‌ಬುಕ್ ಸಾಕು.

ಹೊಸಬರನ್ನು ಮೊದಲ ದಿನವೇ ಮಾತಿಗೆಳೆಯಬೇಡಿ. ಯಕ್ಷಗಾನ ಮೇಳ ಸೇರಿದ ಹುಡುಗ ಕೋಡಂಗಿ, ಬಾಲಗೋಪಾಲ ವೇಷಗಳಿಂದ ತೊಡಗಿ, ವೇಷ ಕಟ್ಟುವ ಚೌಕಿಯಲ್ಲಿ ಹಿರಿಯರ ಮಾತು ಕೇಳುತ್ತ ಬೆಳೆಯುತ್ತಾನೆ. ಲೇವ್ ಅವರು ಲೈಬೀರಿಯಾದಲ್ಲಿ ಕಂಡ ದರ್ಜಿಗಳೂ ಕಲಿಯಬಂದವರಿಗೆ ಬಟ್ಟೆ ಕತ್ತರಿಸಲು ಕೊಡುವ ಮೊದಲು ಗುಂಡಿ ಹೊಲಿಯಲು ಕೊಡುತ್ತಿದ್ದರು. ಹಾಗೆಯೇ ಹೊಸಬರಿಗೆ ಟಿಪ್ಪಣಿ ಬರೆಯುವ ಕೆಲಸ ಒಪ್ಪಿಸಿ. ಟಿಪ್ಪಣಿ ಒಂದು ಪುಟ ಮೀರದಿರಲಿ. ಮುಂದಿನ ಸಭೆಯಲ್ಲಿ ಮೊದಲು ಅದನ್ನು ಓದಿಸಿ, ಕಳೆದ ಸಲದ ಸಲಹೆಯನ್ನು ಯಾರು ಪ್ರಯೋಗಿಸಿ ನೋಡಿದರು, ಏನಾಯಿತು ಎಂದು ಕೇಳಿದ ಮೇಲೆಯೇ ಹೊಸ ಪ್ರಸಂಗವನ್ನು ಎತ್ತಿಕೊಳ್ಳಿ.